ಕೋರ್ಟಿನಲ್ಲಿ ಗೆದ್ದವರು ಕಣ ಬಿಟ್ಟದ್ದು ಯಾಕೆ?

ನಮಸ್ಕಾರ,

ನೀವು ಕಳಿಸಿದ ‘ಕೀನ್ಯಾದಲ್ಲಿ ಪ್ರಜಾಪ್ರಭುತ್ವದ ಕಗ್ಗೊಲೆ’ ಲೇಖನ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಹಾಗಂತ ‘ವಿಷಾದಿಸುತ್ತೇವೆ’ ಎಂದು ಎರಡು ಸಾಲು ಬರೆದು ಕೈ ತೊಳೆದುಕೊಳ್ಳಲೂ ಮನಸ್ಸು ಬರಲಿಲ್ಲ. 2017ರ ಅಕ್ಟೋಬರ್ 26ರ ಆ ಮರುಚುನಾವಣೆ ಬಗ್ಗೆ ನೀವು ಚೆನ್ನಾಗಿ ಓದಿಕೊಂಡಿದ್ದೀರಿ. ಅದು ಗೊತ್ತಾಗುತ್ತದೆ. ತೊಂದರೆ ಇರುವುದು ಹೇಳಿದ ರೀತಿಯಲ್ಲಿ.

ಮೊದಲ ಪ್ಯಾರಾದಲ್ಲೇ ತೀರ್ಪು ಕೊಟ್ಟುಬಿಟ್ಟಿದ್ದೀರಿ. ಆಗಿನ ಅಧ್ಯಕ್ಷ ಉಹುರು ಕೆನ್ಯಾಟಾ ಖಳನಾಯಕ, ವಿರೋಧ ಪಕ್ಷದ ರೈಲಾ ಒಡಿಂಗಾ ಹುತಾತ್ಮ. ಓದುವವರಿಗೆ ತಲೆಯಾಡಿಸುವುದು ಬಿಟ್ಟು ಇನ್ನೇನು ಉಳಿಯಿತು? ಆಮೇಲೆ ನಾಲ್ಕು ಪ್ಯಾರಾ ಬ್ರಿಟಿಷರ ಕಾಲದ ಇತಿಹಾಸ. ಅದನ್ನು ಪೂರ್ತಿ ತೆಗೆಯಿರಿ. 2007ರ ಚುನಾವಣೆ ನಂತರದ ಗಲಭೆಯಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತರು ಅನ್ನುವ ಒಂದು ಸಾಲು ಸಾಕು. ಮತ್ತೆ ಹಾಗೇ ಆದರೆ ಏನು ಗತಿ ಅನ್ನುವ ಭಯ 2017ರಲ್ಲೂ ಇತ್ತಲ್ಲ.

ನಡುವೆ ಒಂದು ಕಡೆ ‘ನ್ಯಾಯಾಲಯದಲ್ಲಿ ಗೆದ್ದ ಒಡಿಂಗಾ ಚುನಾವಣೆಯನ್ನು ಬಹಿಷ್ಕರಿಸಿದರು’ ಎಂದು ಬರೆದು ಮುಂದೆ ಹೋಗಿದ್ದೀರಿ. ಅಲ್ಲೇ ನಿಲ್ಲಬೇಕಿತ್ತು. ಕೋರ್ಟಿಗೆ ಹೋಗಿ ಫಲಿತಾಂಶ ರದ್ದು ಮಾಡಿಸಿದವರು, 60 ದಿನದೊಳಗೆ ಹೊಸ ಚುನಾವಣೆ ಆಗಬೇಕೆಂಬ ಆದೇಶ ಪಡೆದವರು, ಅದೇ ಚುನಾವಣೆಗೆ ಬರುವುದಿಲ್ಲ ಅಂದದ್ದು ಯಾಕೆ? ನಿಮ್ಮ ಲೇಖನ ಇರುವುದೇ ಈ ಪ್ರಶ್ನೆಯಲ್ಲಿ.

ಉತ್ತರ ಬೇಕಾದರೆ ತೀರ್ಪನ್ನು ಸರಿಯಾಗಿ ಹೇಳಬೇಕು. ‘ಮತ ಕದ್ದದ್ದನ್ನು ಸುಪ್ರೀಂ ಕೋರ್ಟ್ ಒಪ್ಪಿಕೊಂಡಿತು’ ಎಂದಿದ್ದೀರಿ. ಇದು ಸರಿಯಲ್ಲ. ಆಗಸ್ಟ್ 8ರ ಚುನಾವಣೆಯನ್ನು ಮುಖ್ಯ ನ್ಯಾಯಮೂರ್ತಿ ಡೇವಿಡ್ ಮರಾಗಾ ಅವರ ಪೀಠ ಸೆಪ್ಟೆಂಬರ್ 1ರಂದು ರದ್ದು ಮಾಡಿತು. ನಾಲ್ವರು ಪರ, ಇಬ್ಬರು ವಿರುದ್ಧ. ಆದರೆ ಒಡಿಂಗಾ ಗೆದ್ದಿದ್ದರು ಅಂತ ಕೋರ್ಟ್ ಹೇಳಲಿಲ್ಲ. ಕೆನ್ಯಾಟಾ ಅಕ್ರಮ ಮಾಡಿದರು ಅಂತಲೂ ಹೇಳಲಿಲ್ಲ. ಸಿಕ್ಕಿಬಿದ್ದದ್ದು ಚುನಾವಣಾ ಆಯೋಗ. ಅಲ್ಲಿ ಪ್ರತಿ ಮತಗಟ್ಟೆಯಲ್ಲೂ ಎಣಿಕೆ ಮುಗಿದ ಮೇಲೆ 34ಎ ಅನ್ನುವ ಫಾರಂ ತುಂಬಿ, ಅದರ ಚಿತ್ರ ತೆಗೆದು ಕಳಿಸಬೇಕು. ಮತಗಟ್ಟೆಗಳು 40 ಸಾವಿರಕ್ಕೂ ಜಾಸ್ತಿ. ಎಲ್ಲ ಫಾರಂ ಬಂದು ಸೇರುವ ಮೊದಲೇ ಗೆದ್ದವರು ಯಾರು ಎಂದು ಘೋಷಿಸಿ ಆಗಿತ್ತು. ಫಲಿತಾಂಶ ಬಂದು ಸೇರುವ ಕಂಪ್ಯೂಟರ್ ಸರ್ವರ್ ತೋರಿಸಿ ಎಂದು ಕೋರ್ಟ್ ಆದೇಶಿಸಿದರೆ ಆಯೋಗ ಪೂರ್ತಿ ತೋರಿಸಲೂ ಇಲ್ಲ.

ಇನ್ನು ಮರುಚುನಾವಣೆ ನಡೆಸುವವರು ಯಾರು? ಅದೇ ಆಯೋಗ, ಆಯೋಗದ ಅದೇ ಅಧ್ಯಕ್ಷ ವಫುಲಾ ಚೆಬುಕಾಟಿ! ಅಧಿಕಾರಿಗಳನ್ನು ಬದಲಾಯಿಸಿ ಎಂದು ಒಡಿಂಗಾ ಪಟ್ಟು ಹಿಡಿದರು. ಕೇಳಿದ್ದು ಸಿಗಲಿಲ್ಲ. ಅಕ್ಟೋಬರ್ 10ರಂದು ಹಿಂದೆ ಸರಿದರು. ಇದು ತತ್ವವೋ, ಹಟವೋ, ಸೋಲಿನ ಭಯವೋ? ಸೋಲಿಗೆ ಹೆದರಿದರು ಅನ್ನುವುದು ಎದುರು ಪಕ್ಷದವರ ಮಾತು. ಅದನ್ನು ನೀವು ಒಂದು ಕಡೆಯೂ ಹೇಳಿಲ್ಲ. ಹೇಳಿ, ಹೆದರಬೇಡಿ.

ಮುಂದಿನ ಎರಡು ವಾರಗಳನ್ನು ‘ಹಲವು ಬೆಳವಣಿಗೆಗಳ ನಡುವೆ’ ಎಂದು ಮುಗಿಸಿದ್ದೀರಲ್ಲ, ಅದನ್ನು ಓದಿ ನಿಜಕ್ಕೂ ಸಿಟ್ಟು ಬಂತು. ಅಕ್ಟೋಬರ್ 18ರಂದು ಆಯೋಗದ ಸದಸ್ಯೆ ರೋಸ್ಲಿನ್ ಅಕೊಂಬೆ ಅಮೆರಿಕಕ್ಕೆ ಹೋಗಿ ಅಲ್ಲಿಂದ ರಾಜೀನಾಮೆ ಕೊಟ್ಟರು. ಜೀವಭಯ ಇದೆ ಅಂದರು. ಅದೇ ದಿನ ಚೆಬುಕಾಟಿಯವರೇ ನಂಬುವಂಥ ಚುನಾವಣೆ ನಡೆಸುವ ಖಾತರಿ ಕೊಡಲಾರೆ ಎಂದರು. ಚುನಾವಣೆ ನಡೆಸಬೇಕಾದ ಮನುಷ್ಯ! 24ರಂದು ಉಪ ಮುಖ್ಯ ನ್ಯಾಯಮೂರ್ತಿಯ ಕಾರು ಚಾಲಕನ ಮೇಲೆ ಗುಂಡು ಹಾರಿತು. ಮರುದಿನ ಚುನಾವಣೆ ಮುಂದೂಡುವ ಅರ್ಜಿ ಕೋರ್ಟಿಗೆ ಬರಬೇಕಿತ್ತು. ಬಂದ ನ್ಯಾಯಮೂರ್ತಿಗಳು ಇಬ್ಬರೇ. ಕೋರಂ ಇಲ್ಲ, ವಿಚಾರಣೆ ಇಲ್ಲ. ಅದರ ಮರುದಿನ ಮತದಾನ. ಇಷ್ಟನ್ನು ದಿನದ ಲೆಕ್ಕದಲ್ಲಿ ಸುಮ್ನೆ ಬರೆಯುತ್ತಾ ಹೋಗಿ. ‘ಕಗ್ಗೊಲೆ’ ಅನ್ನುವ ಮಾತೇ ಬೇಡ.

ಅಂಕಿ ಅಂಶದಲ್ಲೂ ಎಡವಿದ್ದೀರಿ. ಕೆನ್ಯಾಟಾಗೆ ಶೇ 98 ಮತ ಬಂತು ಎಂದು ಆಶ್ಚರ್ಯಚಿಹ್ನೆ ಹಾಕಿದ್ದೀರಿ. ಅದರಲ್ಲಿ ಆಶ್ಚರ್ಯ ಇಲ್ಲ, ಎದುರಾಳಿ ಕಣದಲ್ಲೇ ಇಲ್ಲ ಅಲ್ವಾ? ಆಗಸ್ಟ್‌ನಲ್ಲಿ ಅವರಿಗೆ ಬಂದದ್ದು ಶೇ 54, ಮತಗಳು ಸುಮಾರು 82 ಲಕ್ಷ. ಅಕ್ಟೋಬರ್‌ನಲ್ಲಿ ಸುಮಾರು 75 ಲಕ್ಷ. ಶೇಕಡಾವಾರು ಆಕಾಶಕ್ಕೇರಿತು, ಮತ ಏಳು ಲಕ್ಷ ಇಳಿಯಿತು. ನಾನಾಗಿದ್ದರೆ ಇದರಿಂದಲೇ ಶುರು ಮಾಡುತ್ತಿದ್ದೆ. ಆಗಸ್ಟ್‌ನಲ್ಲಿ ಹತ್ತರಲ್ಲಿ ಹತ್ತಿರ ಹತ್ತಿರ ಎಂಟು ಮಂದಿ ಮತ ಹಾಕಿದ್ದರು. ಈಗ ನಾಲ್ಕು ಮಂದಿಯೂ ಇಲ್ಲ. ಒಡಿಂಗಾ ಹೆಸರು ಮತಪತ್ರದಲ್ಲಿ ಉಳಿದೇ ಇತ್ತು. ಬಂದದ್ದು 73 ಸಾವಿರ ಚಿಲ್ಲರೆ.

ಆದರೆ ಮನೆಯಲ್ಲಿ ಉಳಿದವರೆಲ್ಲ ಬಹಿಷ್ಕಾರ ಹಾಕಿದವರು ಅಂತ ಬರೆಯಬೇಡಿ. ಕಿಸುಮು, ಸಿಯಾಯಾ, ಹೋಮಾ ಬೇ, ಮಿಗೋರಿ, ಈ ನಾಲ್ಕು ಕೌಂಟಿಗಳು ಒಡಿಂಗಾ ಅವರ ನೆಲೆ. ಅಲ್ಲಿ ಮತದಾನ ನಡೆಯಲೇ ಇಲ್ಲ. ಪ್ರತಿಭಟನೆ, ಅಶ್ರುವಾಯು, ಗುಂಡು. ಮೊದಲು ಮುಂದೂಡಿದರು, ಆಮೇಲೆ ಕೈಬಿಟ್ಟರು. ಅಲ್ಲಿ ಒಬ್ಬ ಮತದಾರನಿಗೆ ವೋಟು ಹಾಕುವ ಮನಸ್ಸಿದ್ದಿದ್ದರೆ ಅವನು ಏನು ಮಾಡಬೇಕಿತ್ತು? ಬಹಿಷ್ಕಾರದ ಈ ಮುಖ ನಿಮ್ಮ ಲೇಖನದಲ್ಲಿ ಇಲ್ಲ. ಅದರ ಬದಲು ರಸ್ತೆ ಬೇಕು ಎಂದು ಮತದಾನ ಬಹಿಷ್ಕರಿಸುವ ನಮ್ಮ ಹಳ್ಳಿಗಳನ್ನು ತಂದಿದ್ದೀರಿ. ಅದು ಹೊಂದುವುದಿಲ್ಲ. ನಮ್ಮವರಿಗೆ ಸಿಟ್ಟು ಡಾಂಬರು ಹಾಕದವರ ಮೇಲೆ, ಎಣಿಸುವವರ ಮೇಲಲ್ಲ.

ಕೊನೆಯಲ್ಲಿ ‘ಕೀನ್ಯಾ ಇಂದಿಗೂ ಉರಿಯುತ್ತಿದೆ, ಒಡಿಂಗಾ ಹೋರಾಡುತ್ತಲೇ ಇದ್ದಾರೆ’ ಎಂದಿದ್ದೀರಿ. ಹಳೆಯ ವರದಿಯಿಂದ ಎತ್ತಿದ ಸಾಲು ಇರಬೇಕು. 2018ರ ಜನವರಿ 30ರಂದು ಅವರು ನೈರೋಬಿಯ ಉಹುರು ಪಾರ್ಕಿನಲ್ಲಿ ‘ಜನರ ಅಧ್ಯಕ್ಷ’ ಎಂದು ತಾವೇ ಪ್ರಮಾಣವಚನ ತೆಗೆದುಕೊಂಡರು. ಸರ್ಕಾರ ಟಿವಿ ವಾಹಿನಿಗಳನ್ನು ಬಂದ್ ಮಾಡಿತು. ಮಾರ್ಚ್ 9ರಂದು ಅದೇ ಕೆನ್ಯಾಟಾ ಜೊತೆ ರಾಜಿಯಾಗಿ ಕೈಕುಲುಕಿದರು. 2022ರಲ್ಲಿ ಕೆನ್ಯಾಟಾ ಬೆಂಬಲದಿಂದಲೇ ನಿಂತು ಸೋತರು. 2025ರ ಅಕ್ಟೋಬರ್‌ನಲ್ಲಿ ಚಿಕಿತ್ಸೆಗೆಂದು ಕೇರಳಕ್ಕೆ ಬಂದಿದ್ದಾಗ ತೀರಿಕೊಂಡರು. ನಮ್ಮ ಓದುಗರಲ್ಲಿ ಕೆಲವರಿಗೆ ಅವರ ಹೆಸರು ಗೊತ್ತಿರುವುದೇ ಆ ಸುದ್ದಿಯಿಂದ. ಕೈಕುಲುಕಿದ ಸುದ್ದಿ ಕಿಸುಮುವಿನಲ್ಲಿ ಏಟು ತಿಂದವರಿಗೆ ಹೇಗೆ ಕೇಳಿಸಿರಬೇಕು ಅನ್ನುವುದನ್ನು ವಿಚಾರಿಸಿ ಬರೆಯಿರಿ. ಊಹಿಸಿ ಬರೆಯಬೇಡಿ. ಅಲ್ಲಿನ ಪತ್ರಿಕೆಗಳು ಇಂಗ್ಲಿಷಿನಲ್ಲೇ ಸಿಗುತ್ತವೆ.

ಸಾವಿರದ ಇನ್ನೂರು ಪದದೊಳಗೆ ಮುಗಿಸಿ. ಯುಗಾದಿ ಸಂಚಿಕೆ ತುಂಬಿದೆ, ಅದರ ನಂತರದ್ದಕ್ಕೆ ಜಾಗ ಇಟ್ಟಿರುತ್ತೇನೆ. ಹೆಸರುಗಳ ಉಚ್ಚಾರ ಒಮ್ಮೆ ನೋಡಿಕೊಳ್ಳಿ, ಮರಾಗಾ ಅವರನ್ನು ಮೂರು ಥರ ಬರೆದಿದ್ದೀರಿ.

ಇಂತಿ,
ಸಂಪಾದಕ