ಮೆತ್ತಗಿನ ಚೀಲ ಬ್ಯಾಕ್ಟೀರಿಯಾಕ್ಕೂ ಬೇಡ

ನಮಸ್ಕಾರ್ರಿ,

ನಿಮ್ಮ ‘ಪ್ಲಾಸ್ಟಿಕ್ ತಿನ್ನುವ ಪವಾಡ ಜೀವಿ’ ಲೇಖನ ಕೈಸೇರಿತು. ಈಗಿರುವ ಹಾಗೆ ಅಚ್ಚು ಹಾಕಲಾರೆ. ಸುಮ್ಮನೆ ವಾಪಸ್ ಕಳಿಸಲು ಮನಸ್ಸಾಗಲಿಲ್ಲ, ಅದಕ್ಕೇ ಈ ಪತ್ರ.

ಮೊದಲ ಎರಡು ಪುಟ ‘ಪರಿಸರ ನಮ್ಮ ತಾಯಿ’ ಎಂಬ ಭಾಷಣ. ತೆಗೆಯಿರಿ. (ಪ್ರಬಂಧ ಸ್ಪರ್ಧೆಯ ತೀರ್ಪುಗಾರರೂ ಈಗ ಅದನ್ನು ಓದುವುದಿಲ್ಲ.)

ದೊಡ್ಡ ತಕರಾರು ವಿಜ್ಞಾನದ್ದು. ಜಪಾನಿನ ಸಕಾಯಿಯಲ್ಲಿ ಬಾಟಲಿ ಮರುಬಳಕೆ ಘಟಕದ ಬಳಿ ಸಿಕ್ಕ ಇಡಿಯೊನೆಲ್ಲಾ ಸಕಾಯೆನ್ಸಿಸ್ ಎಂಬ ಬ್ಯಾಕ್ಟೀರಿಯಾ ಬಗ್ಗೆ 2016ರ ಮಾರ್ಚ್‌ನಲ್ಲಿ ಪ್ರಬಂಧ ಪ್ರಕಟವಾಯಿತು ಎಂದಿದ್ದೀರಿ, ಸರಿ. ಮುಂದಿನ ಸಾಲಿನಲ್ಲೇ ‘ಇದನ್ನು ಕಾರವಾರ ರಸ್ತೆಯ ಕಸದ ಗುಡ್ಡಕ್ಕೆ ಚೆಲ್ಲಿದರೆ ಹುಬ್ಬಳ್ಳಿ ಪ್ಲಾಸ್ಟಿಕ್‌ಮುಕ್ತ’ ಎಂದುಬಿಟ್ಟಿರಿ. ಅದು ಹೇಗ್ರಿ? ಅದು ಒಡೆಯುವುದು ಪೆಟ್ ಪ್ಲಾಸ್ಟಿಕ್ಕನ್ನು, ಅಂದರೆ ನೀರು, ಸೋಡಾ ಬಾಟಲಿಯ ಸರಕನ್ನು. ಪೆಟ್‌ನ ಸರಪಳಿಯಲ್ಲಿ ಎಸ್ಟರ್ ಎಂಬ ರಾಸಾಯನಿಕ ಕೊಂಡಿಗಳಿವೆ. ಈ ಬ್ಯಾಕ್ಟೀರಿಯಾದ ಪೆಟೇಸ್ ಎಂಬ ಕಿಣ್ವ ಅವನ್ನು ಬಿಡಿಸುತ್ತದೆ, ಮೆಹೆಟೇಸ್ ಎಂಬ ಇನ್ನೊಂದು ಉಳಿದ ತುಣುಕನ್ನು ಟೆರೆಫ್ತಾಲಿಕ್ ಆಮ್ಲ, ಎಥಿಲೀನ್ ಗ್ಲೈಕಾಲ್ ಎಂದು ಇಬ್ಭಾಗ ಮಾಡುತ್ತದೆ. ಕ್ಯಾರಿಬ್ಯಾಗು, ಹಾಲಿನ ಪಾಕೀಟು ಪಾಲಿಥೀನ್. ಅಲ್ಲಿ ಉದ್ದಕ್ಕೂ ಇಂಗಾಲಕ್ಕೆ ಇಂಗಾಲವೇ ಅಂಟಿದೆ, ಈ ಕಿಣ್ವಗಳಿಗೆ ಹಿಡಿಯಲು ಕೊಂಡಿಯೇ ಇಲ್ಲ. ಪೆಟ್‌ನ ತೆಳು ಹಾಳೆ ಕರಗುವುದಕ್ಕೂ ಪ್ರಯೋಗಾಲಯದ 30 ಡಿಗ್ರಿಯಲ್ಲಿ ಸುಮಾರು 6 ವಾರ ಹಿಡಿಯಿತು. ಬಾಟಲಿಯ ರಚನೆ ಆ ಹಾಳೆಗಿಂತ ಬಿಗಿ.

‘10 ಗಂಟೆಯಲ್ಲಿ ಶೇ 90’ ಪೆಟ್ ಒಡೆಯಿತು ಎಂಬುದನ್ನೂ ಇದರ ತಲೆಗೇ ಕಟ್ಟಿದ್ದೀರಿ. ಅದು 2020ರಲ್ಲಿ ಪ್ರಕಟವಾದ ಫ್ರಾನ್ಸಿನ ಕೆಲಸ. ಎಲೆಗೊಬ್ಬರದಲ್ಲಿ ಸಿಕ್ಕ ಬೇರೊಂದು ಕಿಣ್ವವನ್ನು ತಿದ್ದಿ, ಮೊದಲೇ ಪುಡಿಮಾಡಿ ಹದಗೊಳಿಸಿದ ಪೆಟ್ ಮೇಲೆ 72 ಡಿಗ್ರಿಯಲ್ಲಿ ಮಾಡಿದ್ದು. ನಮ್ಮ ಏಪ್ರಿಲ್ ಬಿಸಿಲೂ ಅಷ್ಟಕ್ಕೆ ಏರುವುದಿಲ್ಲ.

ಇಷ್ಟೆಲ್ಲ ಬರೆಯುವ ಉಸಾಬರಿ ಯಾಕೆಂದರೆ, ನಾಲ್ಕನೇ ಪುಟದಲ್ಲಿ ಕಸ ಆರಿಸುವ ಒಬ್ಬ ಅವ್ವ ಬರುತ್ತಾಳೆ. ಸಿಕ್ಕಿದ್ದನ್ನು ಮುಷ್ಟಿಯಲ್ಲಿ ಹಿಚುಕಿ, ಕಿವಿಗೊಟ್ಟು, ‘ಕರಕರ ಅಂದ್ರ ರೊಕ್ಕ, ಮೆತ್ತಗಿದ್ರ ಯಾರೂ ಮೂಸಂಗಿಲ್ಲ’ ಅನ್ನುತ್ತಾಳೆ. ಇಂಥ ಮಾತು ಕೇಳಿಸಿಕೊಂಡು ಬಂದವರು ಅದನ್ನು ಎರಡೇ ಸಾಲಿನಲ್ಲಿ ಮುಗಿಸುವುದೇ? ಕರಕರ ಅನ್ನುವುದು ಪೆಟ್ ಬಾಟಲಿ. ಗುಜರಿಯವನು ತೂಕಕ್ಕೆ ಕೊಳ್ಳುತ್ತಾನೆ, ಬ್ಯಾಕ್ಟೀರಿಯಾ ಕೈಹಾಕುವುದೂ ಅದಕ್ಕೇ. ಮೆತ್ತಗಿನ ಚೀಲ ಇಬ್ಬರಿಗೂ ಬೇಡ. ನಮ್ಮ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಚೀಲ ನಿಷೇಧಿಸಿದ್ದೂ ಅದೇ 2016ರ ಮಾರ್ಚ್‌ನಲ್ಲಿ. ದುರ್ಗದಬೈಲು ಮಾರುಕಟ್ಟೆಯಲ್ಲಿ ಕೊತ್ತಂಬರಿ ಸಿವುಡು ಇವತ್ತಿಗೂ ಅದರಲ್ಲೇ ಬರುತ್ತದೆ. ಲೇಖನ ಇರುವುದು ಇಲ್ಲಿ, ಪವಾಡವನ್ನು ಬಿಟ್ಟುಬಿಡಿ.

ಆಕೆಯನ್ನು ಮೊದಲ ಪ್ಯಾರಾಕ್ಕೆ ತನ್ನಿ. ಇನ್ನೊಮ್ಮೆ ಹೋಗಿ ಮಾತಾಡಿಸಿ: ಬಾಟಲಿಗೆ ಕಿಲೋಗೆ ಎಷ್ಟು, ಆರಿಸಿ ಬಿಟ್ಟ ಚೀಲ ಏನಾಗುತ್ತದೆ, ಕಸದ ಗುಡ್ಡಕ್ಕೆ ಬೆಂಕಿ ಬಿದ್ದಾಗ ಆಕೆ ಎಲ್ಲಿರುತ್ತಾಳೆ. ಕಿಣ್ವದ ಭಾಗವನ್ನು ಧಾರವಾಡದಲ್ಲಿ ಸೂಕ್ಷ್ಮಜೀವಿಶಾಸ್ತ್ರ ಓದಿದ ಯಾರಿಗಾದರೂ ತೋರಿಸಿ. ಆರು ಪುಟ ಮೂರಕ್ಕೆ ಇಳಿಯಲಿ. ದೀಪಾವಳಿ ಸಂಚಿಕೆಗೆ ಜಾಗವಿಲ್ಲ, ಅದರ ನಂತರದ್ದಕ್ಕೆ ಕಳಿಸಿ.

— ಸಂಪಾದಕ