ಎರಡು ಅಡಿ ಆಳದ ಮೇಜು, 55 ಇಂಚಿನ ಟಿವಿ: ಗೇಮಿಂಗ್‌ಗೆ ಮಾನಿಟರ್ ಬದಲು ಟಿವಿ ಸಾಕೇ?

ಪ್ರಶ್ನೆ: ನನ್ನ ಕಂಪ್ಯೂಟರಿನಲ್ಲಿ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್ ಇದೆ. ಸದ್ಯ 24 ಇಂಚಿನ ಹಳೆಯ ಫುಲ್ ಎಚ್‌ಡಿ ಮಾನಿಟರ್ ಬಳಸುತ್ತಿದ್ದೇನೆ. ಒಳ್ಳೆಯ 27 ಇಂಚಿನ ಗೇಮಿಂಗ್ ಮಾನಿಟರಿಗೆ ಎತ್ತಿಟ್ಟ ಹಣಕ್ಕೆ ಇನ್ನು ಸ್ವಲ್ಪ ಸೇರಿಸಿದರೆ 55 ಇಂಚಿನ 4ಕೆ ಟಿವಿಯೇ ಸಿಗುತ್ತದೆ. ಹಗಲು ಮನೆಯಿಂದಲೇ ಕಚೇರಿ ಕೆಲಸ, ರಾತ್ರಿ ಗೇಮ್. ಮೇಜಿನ ಆಳ ಎರಡು ಅಡಿ. ಟಿವಿ ಕೊಳ್ಳಬಹುದೇ?
– ಓದುಗರು, ದಾವಣಗೆರೆ

ಉತ್ತರ: ಬೆಲೆಯ ಲೆಕ್ಕದಲ್ಲಿ ನಿಮ್ಮ ಯೋಚನೆ ತಪ್ಪಲ್ಲ. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿರುವುದರಿಂದ ಇಂಥ ಆಸೆ ಹುಟ್ಟುವುದು ಸಹಜವೇ. ಆದರೆ ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಮೇಜಿನ ಆಳದ ಬಗೆಗಿನ ಆ ಒಂದು ಸಾಲು. ಟಿವಿಯನ್ನು ಅದೇ ಮೇಜಿನ ಮೇಲೆ ಇಡುವುದಾದರೆ ದಯವಿಟ್ಟು ಕೊಳ್ಳಬೇಡಿ. ಗೋಡೆಗೆ ಹಾಕಿಸಿ, ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಳ್ಳಲು ಜಾಗ ಇದೆಯೆಂದಾದರೆ ಮಾತು ಬೇರೆ.

ಕಾರಣವನ್ನು ಅಳತೆಯಲ್ಲೇ ನೋಡೋಣ. 55 ಇಂಚಿನ ಪರದೆಯ ಅಗಲ ಸುಮಾರು 122 ಸೆಂಟಿಮೀಟರ್, ಎತ್ತರ 68 ಸೆಂಟಿಮೀಟರ್. ಎರಡು ಅಡಿ ದೂರದಿಂದ ನೋಡಿದರೆ ಅದು ನಿಮ್ಮ ಕಣ್ಣೆದುರು ಸುಮಾರು 90 ಡಿಗ್ರಿಯಷ್ಟು ಹರಡಿಕೊಳ್ಳುತ್ತದೆ. ಈಗಿನ 24 ಇಂಚಿನ ಮಾನಿಟರ್ ಅದೇ ದೂರದಲ್ಲಿ ಆವರಿಸುವುದು 48 ಡಿಗ್ರಿಗಿಂತ ಹೆಚ್ಚಿಲ್ಲ. ಗೇಮ್‌ನಲ್ಲಿ ನಕ್ಷೆ ಒಂದು ಮೂಲೆಯಲ್ಲಿ, ಗುಂಡುಗಳ ಲೆಕ್ಕ ಇನ್ನೊಂದು ಮೂಲೆಯಲ್ಲಿ ಇರುತ್ತದೆ. ಕಣ್ಣು ಹೊರಳಿಸಿದರೆ ಸಾಕಾಗುತ್ತಿದ್ದ ಕಡೆ ಕತ್ತನ್ನೇ ತಿರುಗಿಸಬೇಕಾಗುತ್ತದೆ. ಜೊತೆಗೆ ಟಿವಿಯ ಮೇಲಂಚು ಕುಳಿತವರ ಕಣ್ಣಿನ ಮಟ್ಟಕ್ಕಿಂತ ಸಾಕಷ್ಟು ಮೇಲೆ ಹೋಗುತ್ತದೆ. ಮಾನಿಟರಿನ ಮೇಲಂಚು ಕಣ್ಣಿನ ಮಟ್ಟದಲ್ಲಿ ಅಥವಾ ಅದಕ್ಕಿಂತ ತುಸು ಕೆಳಗೆ ಇರಬೇಕೆಂಬುದು ಕಚೇರಿ ಕೆಲಸಕ್ಕೆ ಹೇಳುವ ಸಾಮಾನ್ಯ ನಿಯಮ. ದಿನಕ್ಕೆ ಎಂಟು ಗಂಟೆ ಕೆಲಸ ಮಾಡಿ, ಆಮೇಲೆ ಎರಡು ಗಂಟೆ ಆಡುವವರ ಕುತ್ತಿಗೆಗೆ ಇದು ಸಣ್ಣ ಹೊರೆಯಲ್ಲ.

ಅಕ್ಷರಗಳ ಸ್ಪಷ್ಟತೆಯ ವಿಷಯವೂ ಇದೆ. 4ಕೆ ಎಂದಾಕ್ಷಣ ಚಿತ್ರ ಕಡೆದಿಟ್ಟಂತೆ ಇರುತ್ತದೆ ಎಂದು ನಂಬುತ್ತೇವೆ, ಆದರೆ ಅಷ್ಟೂ ಪಿಕ್ಸೆಲ್‌ಗಳನ್ನು ಎಷ್ಟು ದೊಡ್ಡ ಪರದೆಯಲ್ಲಿ ಹರಡಲಾಗಿದೆ ಎಂಬುದೇ ಮುಖ್ಯ. ನಾಲ್ಕು 27 ಇಂಚಿನ ಫುಲ್ ಎಚ್‌ಡಿ ಮಾನಿಟರುಗಳನ್ನು ಎರಡರ ಮೇಲೆರಡು ಜೋಡಿಸಿದರೆ ಏನಾಗುತ್ತದೋ 55 ಇಂಚಿನ 4ಕೆ ಟಿವಿ ಹೆಚ್ಚುಕಡಿಮೆ ಅದೇ: ಒಂದು ಇಂಚಿಗೆ ಸುಮಾರು 80 ಪಿಕ್ಸೆಲ್. ನಿಮ್ಮ ಈಗಿನ ಮಾನಿಟರಿನಲ್ಲೇ ಇಂಚಿಗೆ 92 ಇವೆ. ಫುಲ್ ಎಚ್‌ಡಿಗೂ 4ಕೆಗೂ ನಡುವಿನ 1440ಪಿ ಎಂಬ ರೆಸಲ್ಯೂಷನ್ನಿನ 27 ಇಂಚಿನ ಮಾನಿಟರಿನಲ್ಲಿ 109. ಅಂದರೆ ಹೆಚ್ಚು ಹಣ ಕೊಟ್ಟು, ಎರಡು ಅಡಿಯಲ್ಲಿ ಕುಳಿತು, ಈಗಿನದಕ್ಕಿಂತ ಒರಟಾದ ಅಕ್ಷರಗಳನ್ನು ಓದಬೇಕಾಗುತ್ತದೆ. ಎಕ್ಸೆಲ್ ಹಾಳೆ, ಇಮೇಲ್‌ಗಳ ಮುಂದೆ ಹಗಲು ಕಳೆಯುವವರು ಇದನ್ನು ಗೇಮ್ ಆಡುವವರಿಗಿಂತ ಬೇಗ ಗಮನಿಸುತ್ತಾರೆ.

ದೂರ ಹೆಚ್ಚಿದಂತೆ ಈ ಎರಡೂ ದೋಷಗಳು ತಾವಾಗಿ ಕರಗುತ್ತವೆ. ಸಾಮಾನ್ಯ ದೃಷ್ಟಿಯುಳ್ಳವರಿಗೆ 55 ಇಂಚಿನ 4ಕೆ ಪರದೆಯ ಪಿಕ್ಸೆಲ್‌ಗಳು ಮೂರೂವರೆ ಅಡಿ ದಾಟಿದ ಮೇಲೆ ಬಿಡಿಬಿಡಿಯಾಗಿ ಕಾಣುವುದಿಲ್ಲ. ನಿಮ್ಮ 24 ಇಂಚಿನ ಮಾನಿಟರ್ ಎರಡು ಅಡಿಯಲ್ಲಿ ಎಷ್ಟು ದೊಡ್ಡದಾಗಿ ಕಾಣುತ್ತದೋ ಅಷ್ಟೇ ದೊಡ್ಡದಾಗಿ ಟಿವಿ ಕಾಣಬೇಕಾದರೆ ನಾಲ್ಕೂವರೆ ಅಡಿ ದೂರ ಬೇಕು. ಆದ್ದರಿಂದ ನಾಲ್ಕೂವರೆಯಿಂದ ಆರು ಅಡಿಯ ನಡುವೆ, ಕೈಯಲ್ಲಿ ಕಂಟ್ರೋಲರ್ ಹಿಡಿದು ಕಥಾಪ್ರಧಾನ ಆಟಗಳನ್ನೋ ಕಾರ್ ರೇಸನ್ನೋ ಫುಟ್‌ಬಾಲನ್ನೋ ಆಡುವವರಿಗೆ ದೊಡ್ಡ ಟಿವಿ ಕೊಡುವ ಅನುಭವವನ್ನು 27 ಇಂಚಿನ ಯಾವ ಮಾನಿಟರೂ ಕೊಡಲಾರದು. ಇದನ್ನು ನಾನು ಮನಃಪೂರ್ವಕವಾಗಿ ಹೇಳುತ್ತೇನೆ. ಅಂಗಡಿಗೆ ಹೋಗುವ ಮೊದಲು ಹಳೆಯ ದಿನಪತ್ರಿಕೆಗಳನ್ನು ಅಂಟಿಸಿ 122 ಸೆಂಟಿಮೀಟರ್ ಅಗಲ, 68 ಸೆಂಟಿಮೀಟರ್ ಎತ್ತರದ ಹಾಳೆ ಮಾಡಿ, ಟಿವಿ ಬರಬೇಕಾದ ಜಾಗದಲ್ಲಿ ಗೋಡೆಗೆ ಅಂಟಿಸಿ, ನೀವು ಕುಳಿತುಕೊಳ್ಳುವ ಜಾಗದಿಂದ ಹತ್ತು ನಿಮಿಷ ನೋಡಿ. ಮಳಿಗೆಯ ವಿಶಾಲ ಹಜಾರದಲ್ಲಿ ಸಣ್ಣದಾಗಿ ಕಂಡ ಟಿವಿ ಮನೆಯ ಕೋಣೆಯಲ್ಲಿ ಎಷ್ಟು ಜಾಗ ನುಂಗುತ್ತದೆ ಎಂಬುದು ಆಗ ತಿಳಿಯುತ್ತದೆ.

ನಿಮ್ಮ ಕಾರ್ಡಿನ ಬಗ್ಗೆ ಒಂದು ಮಾತು. ಆರ್‌ಟಿಎಕ್ಸ್ 3060ರಲ್ಲಿ ಎಚ್‌ಡಿಎಂಐ 2.1 (ಕಂಪ್ಯೂಟರಿನಿಂದ ಟಿವಿಗೆ ಚಿತ್ರ ಕಳಿಸುವ ಜೋಡಣೆಯ ಮಾನದಂಡ) ಇರುವುದರಿಂದ 4ಕೆ ಚಿತ್ರವನ್ನು ಸೆಕೆಂಡಿಗೆ 120 ಬಾರಿ ಕಳಿಸಲು ಅದಕ್ಕೆ ದಾರಿ ಇದೆ, ಆದರೆ ಹೊಸ ಆಟಗಳಲ್ಲಿ ಅಷ್ಟು ಚಿತ್ರಗಳನ್ನು ತಯಾರಿಸುವ ಶಕ್ತಿ ಇಲ್ಲ. ಫುಲ್ ಎಚ್‌ಡಿಯಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್‌ಗಳಿದ್ದರೆ 4ಕೆಯಲ್ಲಿ 83 ಲಕ್ಷ. ಕೆಲಸ ನಾಲ್ಕು ಪಟ್ಟು. ಆಟದೊಳಗಿನ ಡಿಎಲ್‌ಎಸ್‌ಎಸ್ ಸೌಲಭ್ಯ ಕಡಿಮೆ ರೆಸಲ್ಯೂಷನ್ನಿನ ಚಿತ್ರವನ್ನು ಹಿಗ್ಗಿಸಿ ತೋರಿಸುತ್ತದೆ, ಐದಾರು ಅಡಿ ದೂರದಿಂದ ಆ ವ್ಯತ್ಯಾಸ ಅಷ್ಟಾಗಿ ಕಣ್ಣಿಗೆ ಬೀಳದು. ಆದರೂ ಒಂದೇ ಪರದೆ ಕೊಳ್ಳಲು ಮಾತ್ರ ಸಾಧ್ಯ, ಅದೂ ಆ ಮೇಜಿಗೇ ಎಂದಾದರೆ 27 ಇಂಚಿನ 1440ಪಿ ಮಾನಿಟರನ್ನು ತೆಗೆದುಕೊಳ್ಳಿ. 1440ಪಿ ಎಂದರೆ 37 ಲಕ್ಷ ಪಿಕ್ಸೆಲ್. ನಿಮ್ಮ ಕಾರ್ಡಿಗೆ ಅದು ಹೊಂದುವ ಹೊರೆ. ಹಾಲ್‌ನಲ್ಲಿ ಮನೆಯವರಿಗೂ ಟಿವಿ ಬೇಕಾಗಿದ್ದರೆ, ಹಳೆಯ ಮಾನಿಟರನ್ನು ಕಚೇರಿ ಕೆಲಸಕ್ಕೆ ಉಳಿಸಿಕೊಂಡು ಟಿವಿಯನ್ನು ಅಲ್ಲಿ ಹಾಕಿಸುವುದು ಎಲ್ಲಕ್ಕಿಂತ ಒಳ್ಳೆಯ ಏರ್ಪಾಡು.

ಪ್ರಶ್ನೆ: 50 ಇಂಚಿನ ಟಿವಿ ಕೊಂಡಾಗಿದೆ, ಕಂಪ್ಯೂಟರ್ ಜೋಡಿಸಿದ್ದೇನೆ. ಮೌಸ್ ಕೈಯ ಹಿಂದೆ ಎಳೆದುಕೊಂಡು ಬಂದಂತೆ ಅನ್ನಿಸುತ್ತದೆ, ಕಪ್ಪಿನ ಮೇಲೆ ಕೆಂಪು ಅಕ್ಷರಗಳು ಕಲೆಸಿಹೋಗುತ್ತವೆ, ಸ್ಟಾರ್ಟ್ ಬಟನ್ ಅರ್ಧ ಕತ್ತರಿಸಿಹೋಗಿದೆ. ಡಬ್ಬದ ಮೇಲೆ ಮೋಷನ್ 120 ಎಂದಿದ್ದರೂ ವಿಂಡೋಸ್‌ನಲ್ಲಿ 60 ಮಾತ್ರ ಕಾಣುತ್ತದೆ. ಟಿವಿಯಲ್ಲೇ ದೋಷವಿದೆಯೇ?
– ಓದುಗರು, ಮಂಗಳೂರು

ಉತ್ತರ: ಇವುಗಳಲ್ಲಿ ಮೊದಲ ಮೂರು ದೋಷಗಳಲ್ಲ, ಸೆಟ್ಟಿಂಗ್‌ಗಳು. ಟಿವಿಯು ಬಂದ ಚಿತ್ರವನ್ನು ಹಾಗೆಯೇ ತೋರಿಸುವುದಿಲ್ಲ. ಸಿನಿಮಾ, ಕ್ರಿಕೆಟ್ ಚೆಂದ ಕಾಣಲೆಂದು ಅದನ್ನು ತಡೆದಿಟ್ಟುಕೊಂಡು ಚಿತ್ರದಲ್ಲಿನ ಚುಕ್ಕಿಗಳ ಗದ್ದಲ ಕಳೆದು, ಚಲನೆಯನ್ನು ನಯಗೊಳಿಸಿ, ಬಣ್ಣ ಏರಿಸಿ ಆಮೇಲೆ ಪರದೆಗೆ ಬಿಡುತ್ತದೆ. ಸಾಮಾನ್ಯ ಮೋಡ್‌ನಲ್ಲಿ ಈ ವಿಳಂಬ ಕೆಲವು ಟಿವಿಗಳಲ್ಲಿ 100 ಮಿಲಿಸೆಕೆಂಡನ್ನೂ ದಾಟುತ್ತದೆ. ಸೆಕೆಂಡಿಗೆ 60 ಚಿತ್ರಗಳ ಲೆಕ್ಕದಲ್ಲಿ ಒಂದು ಚಿತ್ರದ ಆಯುಸ್ಸು 16.7 ಮಿಲಿಸೆಕೆಂಡ್, ಹಾಗಾಗಿ ನಿಮ್ಮ ಕೈಗಿಂತ ಪರದೆ ಆರು ಚಿತ್ರಗಳಷ್ಟು ಹಿಂದೆ ಉಳಿಯುತ್ತದೆ. ಸಿನಿಮಾ ನೋಡುವಾಗ ಇದು ತಿಳಿಯುವುದೇ ಇಲ್ಲ, ಮೌಸ್ ಹಿಡಿದ ಕ್ಷಣ ತಿಳಿಯುತ್ತದೆ. ಟಿವಿಯ ಚಿತ್ರ ಸೆಟ್ಟಿಂಗ್‌ನಲ್ಲಿ ಗೇಮ್ ಮೋಡ್ ಹಾಕಿ. ಒಳ್ಳೆಯ ಟಿವಿಗಳಲ್ಲಿ ವಿಳಂಬ ಆಗ 10ರಿಂದ 20 ಮಿಲಿಸೆಕೆಂಡಿಗೆ ಇಳಿಯುತ್ತದೆ. ಬಣ್ಣ ಸ್ವಲ್ಪ ಸಪ್ಪೆಯಾದಂತೆ ಕಂಡರೂ ಹಳೆಯ ಮೋಡ್‌ಗೆ ಮರಳಬೇಡಿ, ಎರಡು ದಿನದಲ್ಲಿ ಕಣ್ಣು ಹೊಂದಿಕೊಳ್ಳುತ್ತದೆ.

ಅಕ್ಷರ ಕಲೆಸುವುದಕ್ಕೆ ಕಾರಣ, ಕೇಬಲ್ಲಿನಲ್ಲಿ ಹರಿಯುವ ಮಾಹಿತಿಯನ್ನು ತಗ್ಗಿಸಲು ಅಕ್ಕಪಕ್ಕದ ಪಿಕ್ಸೆಲ್‌ಗಳು ಬಣ್ಣವನ್ನು ಹಂಚಿಕೊಳ್ಳುವುದು. ಬೆಳಕಿನ ಪ್ರಮಾಣ ಪ್ರತಿ ಪಿಕ್ಸೆಲ್‌ಗೂ ಬೇರೆಯಾಗಿಯೇ ಇರುತ್ತದೆ, ಬಣ್ಣ ಮಾತ್ರ ಎರಡಕ್ಕೋ ನಾಲ್ಕಕ್ಕೋ ಒಂದೇ. ಬಿಳಿಯ ಮೇಲೆ ಕಪ್ಪು ಅಕ್ಷರ ಚೆನ್ನಾಗಿ ಕಂಡು, ಕಪ್ಪಿನ ಮೇಲೆ ಕೆಂಪು ಹರಡಿದಂತೆ ಕಾಣುವುದು ಅದಕ್ಕೇ. ಗ್ರಾಫಿಕ್ಸ್ ಕಾರ್ಡಿನ ನಿಯಂತ್ರಣ ಫಲಕದಲ್ಲಿ ಔಟ್‌ಪುಟ್ ಬಣ್ಣವನ್ನು ಆರ್‌ಜಿಬಿ ಅಥವಾ 4:4:4 ಎಂದು ಆರಿಸಿ. ಟಿವಿಯ ಇನ್‌ಪುಟ್ ಪಟ್ಟಿಯಲ್ಲಿ ಆ ಎಚ್‌ಡಿಎಂಐಗೆ ಪಿಸಿ ಎಂಬ ಹೆಸರು ಕೊಡಿ. ಸ್ಯಾಮ್ಸಂಗ್, ಎಲ್‌ಜಿಯ ಅನೇಕ ಟಿವಿಗಳಲ್ಲಿ ಆ ಹೆಸರೇ ಸ್ವಿಚ್ಚಿನಂತೆ ಕೆಲಸ ಮಾಡಿ ಪೂರ್ಣ ಬಣ್ಣವನ್ನು ತೆರೆಯುತ್ತದೆ. ಸ್ಟಾರ್ಟ್ ಬಟನ್ ಕತ್ತರಿಸಿಹೋಗಿರುವುದು ಹಳೆಯ ಟಿವಿ ಪ್ರಸಾರದ ಕಾಲದಿಂದ ಉಳಿದುಬಂದ ಅಭ್ಯಾಸ: ಚಿತ್ರವನ್ನು ತುಸು ಹಿಗ್ಗಿಸಿ ಅಂಚನ್ನು ಅಡಗಿಸುವುದು. ಎಲ್‌ಜಿಯಲ್ಲಿ ಜಸ್ಟ್ ಸ್ಕ್ಯಾನ್, ಸ್ಯಾಮ್ಸಂಗ್‌ನಲ್ಲಿ ಫಿಟ್ ಟು ಸ್ಕ್ರೀನ್ ಎಂಬ ಆಯ್ಕೆಯಿಂದ ಸರಿಹೋಗುತ್ತದೆ.

ನಾಲ್ಕನೆಯದನ್ನು ಸರಿಪಡಿಸಲು ಬರುವುದಿಲ್ಲ. ಮೋಷನ್ 120 ಎಂಬುದು ಚಿತ್ರ ಸಂಸ್ಕರಣೆಗೆ ಕೊಟ್ಟ ಮಾರಾಟದ ಹೆಸರು. ನಿಮ್ಮ ಟಿವಿಯ ಫಲಕ 60 ಹರ್ಟ್ಸ್‌ನದು, ಅಂದರೆ ಸೆಕೆಂಡಿಗೆ 60 ಬಾರಿ ಮಾತ್ರ ಚಿತ್ರ ಬದಲಿಸಬಲ್ಲದು. ಕೊಳ್ಳುವವರಿಗೆ ಇದರಿಂದ ಆಗುವ ನಷ್ಟ ನನಗೆ ನಿಜಕ್ಕೂ ಬೇಸರ ತರುತ್ತದೆ. ಇತರ ಓದುಗರು ಕೊಳ್ಳುವ ಮೊದಲು ವಿವರಪಟ್ಟಿಯಲ್ಲಿ ನೇಟಿವ್ ರಿಫ್ರೆಶ್ ರೇಟ್ ಎಂಬ ಸಾಲನ್ನೇ ಹುಡುಕಬೇಕು. ಎಚ್‌ಡಿಎಂಐ 2.1 ಎಂಬ ಮುದ್ರೆಯೊಂದನ್ನೇ ನಂಬುವಂತಿಲ್ಲ, ಏಕೆಂದರೆ ಆ ಮಾನದಂಡದಲ್ಲಿ 4ಕೆ 120 ಹರ್ಟ್ಸ್ ಆಗಲಿ, ಆಟದ ವೇಗಕ್ಕೆ ತಕ್ಕಂತೆ ಪರದೆಯ ವೇಗ ಹೊಂದಿಕೊಳ್ಳುವ ವಿಆರ್‌ಆರ್ ಆಗಲಿ ಕಡ್ಡಾಯವಲ್ಲ. ಇವೆರಡೂ ಬರೆದಿವೆಯೇ, ಯಾವ ಸಂಖ್ಯೆಯ ಪೋರ್ಟಿನಲ್ಲಿ ಇವೆ ಎಂದು ಕೇಳಿ ತಿಳಿದುಕೊಳ್ಳಿ. ಕೆಲವು ಟಿವಿಗಳಲ್ಲಿ ನಾಲ್ಕು ಪೋರ್ಟುಗಳಿದ್ದರೂ ಎರಡರಲ್ಲಿ ಮಾತ್ರ ಈ ಸೌಲಭ್ಯ ಇದ್ದು, ಅದರಲ್ಲೊಂದು ಸೌಂಡ್‌ಬಾರ್‌ಗೆ ಹೋಗಿಬಿಡುತ್ತದೆ.

ಪ್ರಶ್ನೆ: ಗೇಮ್‌ಗೆಂದು 42 ಇಂಚಿನ ಓಎಲ್‌ಇಡಿ ಟಿವಿ ಮೇಲೆ ಮನಸ್ಸಾಗಿದೆ. ಪರದೆಯಲ್ಲಿ ಕಲೆ ಉಳಿಯುತ್ತದೆ ಎಂದು ಸ್ನೇಹಿತರು ಹೆದರಿಸುತ್ತಿದ್ದಾರೆ.
– ಓದುಗರು, ಬೆಂಗಳೂರು

ಉತ್ತರ: ಮೇಜಿನ ಮೇಲೆ ಇಡಬಹುದಾದ ಟಿವಿ ಎಂದು ನಾನು ಒಪ್ಪುವ ಅಳತೆ ಇದೇ, ಇಂಚಿಗೆ 105 ಪಿಕ್ಸೆಲ್ ಸಿಗುತ್ತದೆ, ಮೂರು ಅಡಿ ದೂರ ಇದ್ದರೆ ಸಾಕು. ಎಲ್‌ಜಿ 2022ರಲ್ಲಿ ಸಿ2 ಸರಣಿಯಲ್ಲಿ ಈ ಅಳತೆಯನ್ನು ತಂದ ಮೇಲೆ ಮಾನಿಟರ್ ಬದಲು ಟಿವಿ ಎಂಬ ಮಾತಿಗೆ ತೂಕ ಬಂತು. ಕಲೆಯ ಭಯ ಸುಳ್ಳಲ್ಲ. ಓಎಲ್‌ಇಡಿಯಲ್ಲಿ ಪ್ರತಿ ಪಿಕ್ಸೆಲ್ ತಾನೇ ಬೆಳಗುವುದರಿಂದ, ಕದಲದ ಟಾಸ್ಕ್‌ಬಾರ್ ಇರುವ ಜಾಗದ ಪಿಕ್ಸೆಲ್‌ಗಳು ಉಳಿದವಕ್ಕಿಂತ ಬೇಗ ಸವೆಯುತ್ತವೆ. ಬರೀ ಗೇಮ್ ಮತ್ತು ಸಿನಿಮಾಕ್ಕಾದರೆ ಧೈರ್ಯವಾಗಿ ಕೊಳ್ಳಿ. ದಿನವಿಡೀ ಒಂದೇ ತಂತ್ರಾಂಶ ತೆರೆದಿಟ್ಟು ಕೆಲಸ ಮಾಡುವವರಿಗೆ ಇದನ್ನು ಕೊಳ್ಳಿ ಎಂದು ನಾನು ಹೇಳಲಾರೆ. ಟಾಸ್ಕ್‌ಬಾರ್ ತಾನಾಗಿ ಅಡಗುವಂತೆ ಮಾಡಿ, ಕಪ್ಪು ಹಿನ್ನೆಲೆ ಇಡಿ. ಇನ್ನು ಟಿವಿ ಆರಿಸಿದ ಕೂಡಲೇ ಗೋಡೆಯ ಸ್ವಿಚ್ಚನ್ನೂ ಆರಿಸುವ ನಮ್ಮ ಮನೆಗಳ ರೂಢಿಯನ್ನು ಈ ಟಿವಿಯ ಮಟ್ಟಿಗೆ ಬಿಡಬೇಕು. ಒಟ್ಟು ನಾಲ್ಕು ಗಂಟೆಯಷ್ಟು ಬಳಕೆಯಾದ ಮೇಲೆ ಎಲ್‌ಜಿಯ ಈ ಟಿವಿಗಳು ಪಿಕ್ಸೆಲ್‌ಗಳ ಸವೆತವನ್ನು ಸರಿದೂಗಿಸುವ ಕೆಲಸವನ್ನು ರಿಮೋಟಿನಿಂದ ಆರಿಸಿದ ನಂತರವೇ ಮಾಡಿಕೊಳ್ಳುತ್ತವೆ, ಅದಕ್ಕೆ ವಿದ್ಯುತ್ ಇರಲೇಬೇಕು.