ಎಂಟು ತಿಂಗಳ ಮಗುವನ್ನು ಕ್ರೂಸ್‌ಗೆ ಕರೆದೊಯ್ಯಬಹುದೇ?

ಎಳೆಯ ಮಕ್ಕಳೊಂದಿಗೆ ಹಡಗಿನಲ್ಲಿ ಪ್ರವಾಸ ಹೋಗುವ ಕುರಿತು ಕರಾವಳಿಯ ಓದುಗರು ಬರೆದ ಪತ್ರಗಳಲ್ಲಿ ಕೆಲವನ್ನು ಈ ಬಾರಿ ಆರಿಸಿಕೊಂಡು ಉತ್ತರಿಸಲಾಗಿದೆ.

ಪ್ರಶ್ನೆ: ನಮ್ಮ ಮಗಳಿಗೆ ಬರುವ ಡಿಸೆಂಬರಿನಲ್ಲಿ ಎಂಟು ತಿಂಗಳು ತುಂಬುತ್ತದೆ. ಅತ್ತೆ-ಮಾವನವರ ಮದುವೆಯಾಗಿ ನಲ್ವತ್ತು ವರ್ಷವಾಗುವ ಸಂದರ್ಭದಲ್ಲಿ ಮನೆಯವರೆಲ್ಲ ಕೂಡಿ ಕ್ರೂಸ್‌ಗೆ ಹೋಗಲೇಬೇಕೆಂದು ಭಾವನವರು ಹಠ ಹಿಡಿದಿದ್ದಾರೆ. ಮುಂಬಯಿಯಿಂದ ಹೊರಟು ಮರಳುವ ಮೂರು ರಾತ್ರಿಗಳ ಪ್ರವಾಸ, ಇಲ್ಲವೇ ಸಿಂಗಾಪುರದಿಂದ ಹೊರಡುವ ಐದು ರಾತ್ರಿಗಳ ಪ್ರವಾಸ, ಇವೆರಡರಲ್ಲಿ ಒಂದನ್ನು ಆರಿಸಬೇಕಾಗಿದೆ. ಹಲ್ಲು ಬರುವ ಹೊತ್ತಿನಲ್ಲಿ ಮಗುವನ್ನು ನಡುಸಮುದ್ರಕ್ಕೆ ಕೊಂಡುಹೋಗುವುದೇ ಎಂದು ನನ್ನ ತಾಯಿ ಗದರುತ್ತಿದ್ದಾರೆ. ಹೋಗಬಹುದೇ? ಹೋದರೆ ಯಾವುದಕ್ಕೆ?
– ಓದುಗರು, ಸುರತ್ಕಲ್

ಉತ್ತರ: ಹೋಗಬಹುದು, ಮುಂಬಯಿಯ ಮೂರು ರಾತ್ರಿಗಳ ಪ್ರವಾಸಕ್ಕೆ ಹೋಗಿ. ನಿಮ್ಮ ತಾಯಿಯವರ ಆತಂಕ ಸುಳ್ಳಲ್ಲ, ಆದರೆ ಅದು ಹಲ್ಲಿಗಿಂತ ಹೆಚ್ಚಾಗಿ ದೂರಕ್ಕೆ ಸಂಬಂಧಿಸಿದ್ದು. ಮಂಗಳೂರು, ಮಣಿಪಾಲಗಳ ನಡುವೆ ವಾಸಿಸುವ ನಮಗೆ ಮಗುವಿಗೆ ರಾತ್ರಿ ಹನ್ನೆರಡಕ್ಕೆ ಜ್ವರ ಏರಿದರೂ ಕಾರು ಹತ್ತಿ ಮಕ್ಕಳ ತಜ್ಞರಿರುವ ಆಸ್ಪತ್ರೆ ಸೇರುವ ಅಭ್ಯಾಸವಾಗಿಬಿಟ್ಟಿದೆ. ಹಡಗಿನಲ್ಲಿ ವೈದ್ಯರೂ ದಾದಿಯರೂ ಸಣ್ಣದೊಂದು ಚಿಕಿತ್ಸಾಲಯವೂ ಇರುತ್ತವೆ, ಆದರೆ ಆ ವೈದ್ಯರು ಸಾಮಾನ್ಯವಾಗಿ ಮಕ್ಕಳ ತಜ್ಞರಾಗಿರುವುದಿಲ್ಲ. ಕಾಯಿಲೆ ಗಂಭೀರವಾದರೆ ಮುಂದಿನ ಬಂದರಿನಲ್ಲಿ ಇಳಿಸಿ ಆಸ್ಪತ್ರೆಗೆ ಕಳುಹಿಸುವುದೇ ಅವರ ಮುಂದಿರುವ ದಾರಿ. ಆದುದರಿಂದ ಶಿಶುವಿದ್ದವರು ಹಡಗಿನ ಥಳಕು, ಈಜುಕೊಳಗಳ ಸಂಖ್ಯೆ ಇತ್ಯಾದಿಗಳನ್ನು ಬದಿಗಿಟ್ಟು, ಬಂದರು ಮುಟ್ಟದೆ ಸಾಗುವ ದಿನಗಳು ಎಷ್ಟು ಎಂಬುದನ್ನು ಮೊದಲು ಲೆಕ್ಕ ಹಾಕಬೇಕು. ಅದು ಕಡಿಮೆಯಿದ್ದಷ್ಟೂ ಒಳ್ಳೆಯದು. ಚಿಕಿತ್ಸೆಯ ಖರ್ಚು ಟಿಕೆಟ್ಟಿನಲ್ಲಿ ಸೇರಿರುವುದಿಲ್ಲ, ಬಿಲ್ಲು ಪ್ರತ್ಯೇಕವಾಗಿ ಬರುತ್ತದೆ. ಆದ್ದರಿಂದ ಮಗುವಿನ ಹೆಸರನ್ನೂ ಸೇರಿಸಿ ಪ್ರಯಾಣ ವಿಮೆ ಮಾಡಿಸಿಕೊಳ್ಳಿ.

ಹಡಗು ಕಂಪನಿಗಳೂ ಇದೇ ಲೆಕ್ಕಾಚಾರದಿಂದ ವಯಸ್ಸಿನ ಮಿತಿ ಇಟ್ಟಿವೆ. ಹೆಚ್ಚಿನ ಕಂಪನಿಗಳಲ್ಲಿ ಮಗುವಿಗೆ ಕನಿಷ್ಠ ಆರು ತಿಂಗಳು ಆಗಿರಬೇಕು. ರಾಯಲ್ ಕೆರಿಬಿಯನ್‌ನಂತಹ ಕಂಪನಿ, ಮೂರು ಅಥವಾ ಹೆಚ್ಚು ದಿನ ಒಂದೇ ಸಮನೆ ಸಮುದ್ರದಲ್ಲೇ ಕಳೆಯುವ ಪ್ರವಾಸಗಳಿಗೆ ಹನ್ನೆರಡು ತಿಂಗಳು ತುಂಬಿರಬೇಕೆಂದು ಕೇಳುತ್ತದೆ. ವಯಸ್ಸನ್ನು ಲೆಕ್ಕ ಹಾಕುವುದು ಹಡಗು ಹತ್ತುವ ದಿನಕ್ಕೇ ಹೊರತು ಟಿಕೆಟ್ ಕಾದಿರಿಸುವ ದಿನಕ್ಕಲ್ಲ. ನಿಮ್ಮ ಮಗುವಿಗೆ ಈ ತೊಡಕಿಲ್ಲ. ಇನ್ನೊಂದು ಮಾತನ್ನೂ ಹೇಳಬೇಕು, ಕೆಲವರಿಗೆ ಇದು ವಿಚಿತ್ರವೆನಿಸಬಹುದು: ಒಂದು ವರ್ಷ ಕಳೆಯಲಿ ಎಂದು ಕಾಯುವುದಕ್ಕಿಂತ, ನಡೆಯಲು ಕಲಿಯುವ ಮೊದಲೇ ಹೋಗಿ ಬರುವುದು ಸುಲಭ. ಎಂಟು ತಿಂಗಳ ಮಗು ಕೂರಿಸಿದಲ್ಲಿ ಕೂರುತ್ತದೆ, ಹೆಚ್ಚೆಂದರೆ ಅಂಬೆಗಾಲಿಟ್ಟು ಕೈಯಳತೆಯಲ್ಲೇ ತಿರುಗುತ್ತದೆ. ಹದಿನಾಲ್ಕು ತಿಂಗಳ ಮಗುವಾದರೋ ಮೆಟ್ಟಿಲು, ಬಾಲ್ಕನಿ, ಹೆವಿ ಬಾಗಿಲುಗಳ ಕಡೆಗೇ ಓಡುತ್ತದೆ. ಅದರ ಹಿಂದೆ ಓಡುವವರಿಗೆ ಸಮುದ್ರ ನೋಡಲು ಪುರುಸೊತ್ತು ಎಲ್ಲಿಂದ ಬರಬೇಕು?

ಡಿಸೆಂಬರ್ ಆರಿಸಿಕೊಂಡದ್ದು ಸರಿಯಾಗಿದೆ. ನಮ್ಮ ಕಡಲಿನ ಸ್ವಭಾವ ಕರಾವಳಿಯವರಿಗೆ ಹೇಳಿಕೊಡಬೇಕಾಗಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳೇ ದಡ ಬಿಡುವುದಿಲ್ಲ, ನೂಲ ಹುಣ್ಣಿಮೆಗೆ ಮೊಗವೀರ ಬಂಧುಗಳು ಸಮುದ್ರ ಪೂಜೆ ಮಾಡಿದ ಮೇಲೂ ಕೆಲವು ವಾರ ಅಲೆಗಳ ಅಬ್ಬರ ಇದ್ದೇ ಇರುತ್ತದೆ. ದೀಪಾವಳಿ ಕಳೆದ ಮೇಲೆ ಅರಬ್ಬಿ ಸಮುದ್ರದ ಈ ಅಂಚು ಹೆಚ್ಚಾಗಿ ಶಾಂತವಾಗಿರುತ್ತದೆ.

ಕೋಣೆಯನ್ನು ಕಾದಿರಿಸುವಾಗ ಮಗುವನ್ನೂ ಒಬ್ಬ ಪ್ರಯಾಣಿಕಳೆಂದು ಲೆಕ್ಕಕ್ಕೆ ಹಿಡಿಯಬೇಕು. ಮಡಿಲಲ್ಲಿ ಮಲಗಿಸಿಕೊಳ್ಳುತ್ತೇವೆ ಎಂದರೆ ಒಪ್ಪುವುದಿಲ್ಲ, ಏಕೆಂದರೆ ರಕ್ಷಣಾ ದೋಣಿಯಲ್ಲಿ ಪ್ರತಿಯೊಂದು ಜೀವಕ್ಕೂ ಸ್ಥಳವಿರಬೇಕೆಂಬುದು ನಿಯಮ. ಇಬ್ಬರ ಕೋಣೆಗೆ ಮೂವರನ್ನು ಬಿಡುವುದಿಲ್ಲ. ಹಡಗಿನ ನಡುಭಾಗದಲ್ಲಿ, ಕೆಳ ಅಂತಸ್ತಿನಲ್ಲಿರುವ ಕೋಣೆಗೆ ಓಲಾಟ ಕಡಿಮೆ. ಕಿಟಕಿಯಿಲ್ಲದ ಒಳಗಿನ ಕೋಣೆಯನ್ನು ಅಗ್ಗವೆಂದು ಹಲವರು ಕಡೆಗಣಿಸುತ್ತಾರೆ, ಆದರೆ ದೀಪ ಆರಿಸಿದರೆ ಹಗಲಲ್ಲೂ ಗವ್ವೆನ್ನುವ ಕತ್ತಲೆಯಿರುವ ಆ ಕೋಣೆಯಲ್ಲಿ ಮಗು ನಿದ್ದೆ ಮಾಡುವಷ್ಟು ಚೆನ್ನಾಗಿ ಬಾಲ್ಕನಿ ಕೋಣೆಯಲ್ಲಿ ಮಾಡುವುದಿಲ್ಲ. ಕೋಣೆಯ ಕೆಳಗೆ ನಾಟಕಶಾಲೆಯೋ ಮೇಲೆ ಊಟದ ಸಭಾಂಗಣವೋ ಇದೆಯೇ ಎಂದು ನಕ್ಷೆಯಲ್ಲಿ ನೋಡಿಕೊಳ್ಳಿ. ಬೆಳಗಿನ ಜಾವ ಕುರ್ಚಿ ಎಳೆಯುವ ಸದ್ದು ನೇರವಾಗಿ ತಲೆಯ ಮೇಲೆ ಬೀಳುತ್ತದೆ. ಶಿಶುವಿನ ಮಂಚ ಬೇಕಾದರೆ ಕಾದಿರಿಸುವಾಗಲೇ ಕೇಳಿಕೊಳ್ಳಿ, ಹಡಗಿನಲ್ಲಿ ಅವು ಕೆಲವೇ ಇರುತ್ತವೆ. ಅದನ್ನು ಹಾಕಿದ ಮೇಲೆ ಕೋಣೆಯಲ್ಲಿ ಕಾಲಿಡಲು ಜಾಗ ಉಳಿಯುವುದು ಅಷ್ಟಕ್ಕಷ್ಟೆ. ಕಾಲಿನ ಮೇಲೆ ಮಲಗಿಸಿ ಎಣ್ಣೆ ಹಚ್ಚಿ ಮೀಯಿಸುವ ಅಜ್ಜಿಯಂದಿರು ಆ ಸ್ನಾನದ ಮನೆಯನ್ನು ನೋಡಿದರೆ ಬಾಗಿಲಲ್ಲೇ ನಿಂತುಬಿಡುತ್ತಾರೆ. ಅಲ್ಲಿ ಒಬ್ಬರು ಸರಿಯಾಗಿ ತಿರುಗುವುದೂ ಕಷ್ಟ. ಗಾಳಿ ತುಂಬಿಸುವ ಸಣ್ಣ ತೊಟ್ಟಿಯೊಂದನ್ನು ಮಡಚಿ ಪೆಟ್ಟಿಗೆಯಲ್ಲಿ ಇಟ್ಟುಕೊಂಡರೆ ಮೀಯಿಸುವ ಸಮಸ್ಯೆ ಮುಗಿಯುತ್ತದೆ.

ಮುಂಬಯಿಗೆ ಮತ್ಸ್ಯಗಂಧಾದಲ್ಲಿ ಹೋಗುವುದಾದರೆ ಹಡಗು ಹೊರಡುವ ದಿನವೇ ಬೆಳಗ್ಗೆ ತಲುಪುವಂತೆ ಟಿಕೆಟ್ ಮಾಡಿಸಬೇಡಿ. ಕೊಂಕಣ ರೈಲು ಗಂಟೆಗಟ್ಟಲೆ ತಡವಾದರೆ ರೈಲ್ವೆಗೆ ಬೈಯಬಹುದು, ಹಡಗು ಮಾತ್ರ ಕಾಯುವುದಿಲ್ಲ. ಒಂದು ದಿನ ಮೊದಲೇ ತಲುಪಿದರೆ ಮಗುವಿಗೂ ನಿದ್ದೆ ಸಿಗುತ್ತದೆ. ಸಿಂಗಾಪುರದ ಪ್ರವಾಸವಾದರೆ ಇದಕ್ಕೆ ಬೆಂಗಳೂರಿನವರೆಗಿನ ಪ್ರಯಾಣ, ಅಲ್ಲಿಂದ ಸುಮಾರು ನಾಲ್ಕೂವರೆ ಗಂಟೆಯ ವಿಮಾನ, ಪಾಸ್‌ಪೋರ್ಟ್, ವೀಸಾ ಎಲ್ಲವೂ ಸೇರಿಕೊಳ್ಳುತ್ತವೆ. ಹಡಗು ಸಿಂಗಾಪುರ ಬಿಟ್ಟು ಬೇರೆ ದೇಶ ಮುಟ್ಟಿ ಮತ್ತೆ ಸಿಂಗಾಪುರಕ್ಕೇ ಬರುವುದರಿಂದ, ಒಂದಕ್ಕಿಂತ ಹೆಚ್ಚು ಬಾರಿ ಪ್ರವೇಶಿಸಲು ಅವಕಾಶವಿರುವ ವೀಸಾ ಬೇಕಾಗುತ್ತದೆ.

ಕಾರ್ಯಕ್ರಮ ಪಟ್ಟಿಯಲ್ಲಿ ಟೆಂಡರ್ ಎಂಬ ಪದ ಕಂಡರೆ ಎಚ್ಚರ ವಹಿಸಿ. ಹಡಗು ದಡಕ್ಕೆ ತಾಗದೆ ದೂರದಲ್ಲೇ ಲಂಗರು ಹಾಕಿ, ಪ್ರಯಾಣಿಕರನ್ನು ಸಣ್ಣ ದೋಣಿಗಳಲ್ಲಿ ಕರೆದೊಯ್ಯುತ್ತದೆ ಎಂದು ಅದರ ಅರ್ಥ. ಮಲ್ಪೆಯಿಂದ ಸೈಂಟ್ ಮೇರೀಸ್ ದ್ವೀಪಕ್ಕೆ ಹೋದವರಿಗೆ ದೊಡ್ಡ ದೋಣಿಯಿಂದ ಸಣ್ಣ ದೋಣಿಗೆ ಹೆಜ್ಜೆ ಇಡುವ ಆ ಕ್ಷಣ ನೆನಪಿರಬಹುದು. ಎರಡೂ ದೋಣಿಗಳು ಒಂದೇ ತಾಳಕ್ಕೆ ಏಳುವುದಿಲ್ಲ. ಹಡಗಿನ ಸಿಬ್ಬಂದಿ ಕೈಹಿಡಿದು ದಾಟಿಸುತ್ತಾರೆ, ಆದರೆ ಮಗು ಎದೆಗೆ ಕಟ್ಟಿಕೊಳ್ಳುವ ಚೀಲದಲ್ಲಿದ್ದು ನಿಮ್ಮ ಎರಡೂ ಕೈಗಳು ಖಾಲಿಯಿರಬೇಕು. ಅಲೆ ಹೆಚ್ಚಿದ್ದ ದಿನ ಅತ್ತೆ-ಮಾವನವರನ್ನು ಭಾವನವರ ಜತೆ ದಡಕ್ಕೆ ಕಳುಹಿಸಿ, ಮಗುವಿನೊಂದಿಗೆ ಹಡಗಿನಲ್ಲೇ ಉಳಿದುಬಿಡಿ. ಜನ ಇಳಿದುಹೋದ ಹಡಗಿನಷ್ಟು ನೆಮ್ಮದಿಯ ಸ್ಥಳ ಇಡೀ ಪ್ರವಾಸದಲ್ಲಿ ಸಿಗಲಾರದು.

ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಸುರಕ್ಷತಾ ಕವಾಯತು ನಡೆಯುತ್ತದೆ. 2012ರ ಜನವರಿಯಲ್ಲಿ ಇಟಲಿಯ ಬಳಿ ಕೋಸ್ತಾ ಕಾಂಕಾರ್ಡಿಯಾ ಹಡಗು ಬಂಡೆಗೆ ಬಡಿದು ಮಗುಚಿದ ಬಳಿಕ ಅಂತರರಾಷ್ಟ್ರೀಯ ನಿಯಮ ಬಿಗಿಯಾಗಿ, 2015ರಿಂದ ಇದು ಕಡ್ಡಾಯವಾಗಿದೆ. ಮಗು ಮಲಗಿದೆ ಎಂಬ ಕಾರಣಕ್ಕೆ ಇದನ್ನು ತಪ್ಪಿಸಿಕೊಳ್ಳಬೇಡಿ. 15 ಕಿಲೋಗಿಂತ ಕಡಿಮೆ ತೂಕದ ಶಿಶುಗಳಿಗೆಂದೇ ಬೇರೆ ಜೀವರಕ್ಷಕ ಕವಚ ಇರುತ್ತದೆ, 24 ಗಂಟೆ ಅಥವಾ ಅದಕ್ಕಿಂತ ದೀರ್ಘವಾದ ಯಾನದಲ್ಲಿ ಹಡಗಿನಲ್ಲಿರುವ ಪ್ರತಿ ಶಿಶುವಿಗೂ ಒಂದರಂತೆ ಇರಲೇಬೇಕು. ಕೋಣೆಯಲ್ಲಿ ದೊಡ್ಡವರ ಕವಚಗಳಷ್ಟೇ ಇದ್ದರೆ ಆಗಲೇ ಸಿಬ್ಬಂದಿಯನ್ನು ಕೇಳಿ, ತರಿಸಿ, ಒಮ್ಮೆ ಮಗುವಿಗೆ ತೊಡಿಸಿ ನೋಡಿ.

ಕೊನೆಯದಾಗಿ, ಪತ್ರದಲ್ಲಿ ನೀವು ಬರೆಯದ ಒಂದು ಸಂಗತಿ. ಅತ್ತೆ-ಮಾವ, ಭಾವ, ಯಜಮಾನರು ಎಲ್ಲರೂ ಪ್ರದರ್ಶನ ನೋಡಲು ಹೋದಾಗ ಮಗುವಿನೊಂದಿಗೆ ಕೋಣೆಯಲ್ಲಿ ಉಳಿಯುವವರು ಯಾರು? ಮಗುವನ್ನು ಒಂಟಿಯಾಗಿ ಬಿಡುವ ಪ್ರಶ್ನೆಯೇ ಇಲ್ಲ. ರಾತ್ರಿಗೊಬ್ಬರಂತೆ ಸರದಿಯನ್ನು ಮನೆಯಲ್ಲಿ ಕುಳಿತಿರುವಾಗಲೇ ನಿಶ್ಚಯಿಸಿ. ಇಲ್ಲವಾದರೆ ಮೂರು ರಾತ್ರಿಯೂ ಆ ಸರದಿ ನಿಮ್ಮದೇ ಆಗುತ್ತದೆ.

ಪ್ರಶ್ನೆ: ಹತ್ತು ತಿಂಗಳ ನನ್ನ ಮಗ ರಾಗಿ ಮಣ್ಣಿ, ನೇಂದ್ರ ಬಾಳೆಯ ಪುಡಿಯ ಮಣ್ಣಿ ಬಿಟ್ಟರೆ ಬೇರೆ ತಿನ್ನುವುದಿಲ್ಲ. ಜತೆಗೆ ಡಬ್ಬಿ ಹಾಲೂ ಇದೆ. ಹಡಗಿನಲ್ಲಿ ಇವನ್ನು ಮಾಡಿಕೊಳ್ಳಬಹುದೇ?
– ಓದುಗರು, ಕುಂದಾಪುರ

ಉತ್ತರ: ಮಾಡಿಕೊಳ್ಳಲಾಗದು. ಬೆಂಕಿಯ ಭಯದಿಂದ ಹಡಗುಗಳಲ್ಲಿ ಎಲೆಕ್ಟ್ರಿಕ್ ಕೆಟಲ್, ಇಂಡಕ್ಷನ್ ಒಲೆ, ಇಸ್ತ್ರಿ ಪೆಟ್ಟಿಗೆಗಳನ್ನು ತರಲು ಬಿಡುವುದಿಲ್ಲ, ಹತ್ತುವಾಗಲೇ ತಪಾಸಣೆಯಲ್ಲಿ ತೆಗೆದಿಟ್ಟುಕೊಳ್ಳುತ್ತಾರೆ. ಮನೆಯಲ್ಲಿ ಬೇಯಿಸಿದ ಆಹಾರವನ್ನೂ ಅನೇಕ ಕಂಪನಿಗಳು ಒಪ್ಪುವುದಿಲ್ಲ, ಸೀಲ್ ಒಡೆಯದ ಶಿಶು ಆಹಾರಕ್ಕೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಮಣ್ಣಿಯನ್ನು ಒಲೆಯ ಮೇಲೆ ಕೈಬಿಡದೆ ತಿರುವಿ ಕುದಿಸಿದರೆ ಮಾತ್ರ ಬೇಯುತ್ತದೆ, ಬಿಸಿನೀರು ಹೊಯ್ದು ಕಲಸಿದರೆ ಹಸಿ ಹಿಟ್ಟಾಗಿಯೇ ಉಳಿದು ಹೊಟ್ಟೆ ಕೆಡುತ್ತದೆ. ಆದ್ದರಿಂದ ಮೊದಲೇ ಬೇಯಿಸಿ ಒಣಗಿಸಿದ, ಬಿಸಿನೀರಿನಲ್ಲಿ ಕಲಸಿದರೆ ಸಾಕಾಗುವ ಶಿಶು ಧಾನ್ಯದ ಪೊಟ್ಟಣವನ್ನು ತಂದು, ಹೊರಡುವುದಕ್ಕೆ ಎರಡು ವಾರ ಮೊದಲೇ ಮಗುವಿಗೆ ಅದರ ರುಚಿ ಹಿಡಿಸಿ. ಹೊಸ ರುಚಿಯ ಪರೀಕ್ಷೆಯನ್ನು ಹಡಗಿನಲ್ಲಿ ಮಾಡುವುದು ಬೇಡ. ಊಟದ ಸಭಾಂಗಣದಲ್ಲಿ ಮೆತ್ತಗೆ ಬೇಯಿಸಿದ ಅನ್ನ, ಉಪ್ಪು ಖಾರ ಹಾಕದ ಬೇಳೆ, ಹಿಸುಕಿದ ಆಲೂಗಡ್ಡೆ, ಬಾಳೆಹಣ್ಣು ಕೇಳಿದರೆ ಕೊಡುತ್ತಾರೆ. ಮೊದಲ ದಿನವೇ ಬಡಿಸುವವರಿಗೆ ಹೇಳಿಟ್ಟರೆ ಮರುದಿನದಿಂದ ಅವರೇ ನೆನಪಿಟ್ಟುಕೊಂಡು ತರುವುದುಂಟು. ವರ್ಷ ತುಂಬದ ಮಗುವಿಗೆ ಯಾರಾದರೂ ಪ್ರೀತಿಯಿಂದ ಜೇನುತುಪ್ಪ ನೆಕ್ಕಿಸಲು ಬಂದರೆ ತಡೆಯಿರಿ.

ಡಬ್ಬಿ ಹಾಲಿನ ಪುಡಿಯನ್ನು ಕುದಿಸಿ ಸ್ವಲ್ಪವೇ ಆರಿದ, 70 ಡಿಗ್ರಿಗಿಂತ ಕಡಿಮೆಯಾಗದ ನೀರಿನಲ್ಲಿ ಕದಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ. ಕದಡಿದ ಹಾಲನ್ನು ಕುಡಿಯುವಷ್ಟು ತಣಿಸಿ ಕೊಡಬೇಕು, ಎರಡು ಗಂಟೆಯೊಳಗೆ ಕುಡಿಯದೆ ಉಳಿದದ್ದನ್ನು ಚೆಲ್ಲಬೇಕು. ಒಳ್ಳೆಯ ಫ್ಲಾಸ್ಕ್ ಒಯ್ದು ಅಡುಗೆಮನೆಯವರಿಂದ ಕುದಿವ ನೀರು ತುಂಬಿಸಿಕೊಳ್ಳಿ. ಬಾಟಲಿ ತೊಳೆಯುವ ಬ್ರಶ್, ಸಾಬೂನು, ತಣ್ಣೀರಿನಲ್ಲೇ ಕ್ರಿಮಿ ಕೊಲ್ಲುವ ಮಾತ್ರೆಗಳು ನಿಮ್ಮ ಚೀಲದಲ್ಲಿರಲಿ. ಡೈಪರ್‌ಗಳನ್ನೂ ಊರಿನಿಂದಲೇ ತುಂಬಿಸಿಕೊಂಡು ಹೋಗಿ, ಹಡಗಿನ ಅಂಗಡಿಯಲ್ಲಿ ಸುಗಂಧದ್ರವ್ಯ ಸಿಕ್ಕೀತು, ಡೈಪರ್ ಸಿಗುವುದು ಅಪರೂಪ. ಬಳಸಿದ್ದನ್ನು, ಒರೆಸಿದ ವೈಪ್ಸ್‌ಗಳನ್ನು ಕಮೋಡಿಗೆ ಹಾಕಬಾರದು. ಗಾಳಿಯ ಒತ್ತಡದಲ್ಲಿ ಎಳೆಯುವ ಆ ಕೊಳವೆ ಕಟ್ಟಿಕೊಂಡರೆ ಅಕ್ಕಪಕ್ಕದ ಕೋಣೆಗಳಿಗೂ ತೊಂದರೆ.

ಪ್ರಶ್ನೆ: ಆಗುಂಬೆ ಘಾಟಿ ಹತ್ತುವಾಗ ನಾವೆಲ್ಲ ಅವೋಮಿನ್ ನುಂಗುವವರು. ಒಂದೂವರೆ ವರ್ಷದ ಮೊಮ್ಮಗಳಿಗೆ ಹಡಗಿನಲ್ಲಿ ವಾಂತಿಯಾಗದಂತೆ ಅದನ್ನೇ ಅರ್ಧ ಮುರಿದು ಕೊಡಬಹುದೇ?
– ಓದುಗರು, ಹೆಬ್ರಿ

ಉತ್ತರ: ಖಂಡಿತ ಕೊಡಬೇಡಿ. ಅವೋಮಿನ್‌ನಲ್ಲಿರುವುದು ಪ್ರೊಮೆಥಜಿನ್. ಎರಡು ವರ್ಷದೊಳಗಿನ ಮಕ್ಕಳಲ್ಲಿ ಅದು ಉಸಿರಾಟವನ್ನೇ ಕುಗ್ಗಿಸಿ ಪ್ರಾಣಾಪಾಯ ತರಬಹುದೆಂಬ ಕಾರಣಕ್ಕೆ ಅವರಿಗೆ ಅದನ್ನು ನಿಷೇಧಿಸಲಾಗಿದೆ, ಅರ್ಧವಾಗಲಿ ಕಾಲಾಗಲಿ ಸಲ್ಲದು. ಸಮಾಧಾನದ ವಿಷಯವೆಂದರೆ ಎರಡು ವರ್ಷದೊಳಗಿನ ಮಕ್ಕಳಿಗೆ ಪ್ರಯಾಣದ ವಾಕರಿಕೆ ಬಾಧಿಸುವುದು ತೀರಾ ಕಡಿಮೆ. ಅದು ಜೋರಾಗಿ ಕಾಡುವುದು ಎರಡರಿಂದ ಹನ್ನೆರಡು ವರ್ಷದವರನ್ನು. ಹಡಗಿನಲ್ಲಿ ಎಳೆಗೂಸು ವಾಂತಿ ಮಾಡಿದರೆ ಅಲೆಯನ್ನು ದೂರುವ ಮೊದಲು ಹೊಟ್ಟೆಯ ಸೋಂಕನ್ನು ಶಂಕಿಸಬೇಕು. ಹಡಗುಗಳಲ್ಲಿ ಆಗಾಗ ಹರಡುವ ನೊರೊವೈರಸ್‌ಗೆ ಬಾಟಲಿಯ ಸ್ಯಾನಿಟೈಸರ್ ಅಷ್ಟಾಗಿ ಜಗ್ಗುವುದಿಲ್ಲ, ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಕೈ ತೊಳೆಯುವುದೇ ಬೇಕು. ಮೊಮ್ಮಗಳನ್ನು ಎತ್ತಿಕೊಳ್ಳುವ ಪ್ರತಿಯೊಬ್ಬರಿಗೂ ಈ ಮಾತು ಅನ್ವಯಿಸುತ್ತದೆ. ಓಆರ್‌ಎಸ್ ಪೊಟ್ಟಣಗಳನ್ನೂ, ಮಗುವಿನ ತೂಕಕ್ಕೆ ತಕ್ಕ ಪ್ರಮಾಣವನ್ನು ನಿಮ್ಮ ಮಕ್ಕಳ ವೈದ್ಯರಿಂದ ಬರೆಸಿಕೊಂಡ ಜ್ವರದ ಔಷಧವನ್ನೂ ಕೈಚೀಲದಲ್ಲೇ ಇಡಿ. ದೊಡ್ಡ ಪೆಟ್ಟಿಗೆಗಳು ಕೋಣೆ ತಲುಪುವಾಗ ಸಂಜೆಯಾಗುವುದುಂಟು. ದಡಾರದ ಲಸಿಕೆಯ ಡೋಸು ಬಾಕಿಯಿದ್ದರೆ ಮೊದಲು ಅದನ್ನು ಮುಗಿಸಿ.

ಪ್ರಶ್ನೆ: ಯಜಮಾನರು ದುಬೈಯಲ್ಲಿದ್ದಾರೆ. ಮಗುವಿಗೆ ಪಾಸ್‌ಪೋರ್ಟ್ ಮಾಡಿಸಲು ಅವರು ಬರಲೇಬೇಕೇ? ಮಗು ಹುಟ್ಟಿದ್ದು 2024ರಲ್ಲಿ.
– ಓದುಗರು, ಮೂಲ್ಕಿ

ಉತ್ತರ: ಬರಬೇಕಾಗಿಲ್ಲ. ಅವರ ಒಪ್ಪಿಗೆ ಪತ್ರವನ್ನು ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿ, ಅವರ ಪಾಸ್‌ಪೋರ್ಟಿನ ಪ್ರತಿಯೊಂದಿಗೆ ಕಳುಹಿಸಲಿ. ನೀವು ಮಗುವನ್ನು ಕರೆದುಕೊಂಡು ಮಂಗಳೂರಿನ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಹೋಗಿ. 2023ರ ಅಕ್ಟೋಬರ್ 1ರಂದು ಅಥವಾ ಆ ಬಳಿಕ ಹುಟ್ಟಿದವರಿಗೆ ಹುಟ್ಟಿದ ದಿನದ ದಾಖಲೆಯಾಗಿ ಜನನ ಪ್ರಮಾಣಪತ್ರ ಮಾತ್ರ ಸಲ್ಲುತ್ತದೆ, ಅದರಲ್ಲಿ ಮಗುವಿನ ಹೆಸರು ಸೇರಿದೆಯೇ ಎಂದು ಈಗಲೇ ನೋಡಿಕೊಳ್ಳಿ. ನಾಲ್ಕು ವರ್ಷದೊಳಗಿನವರ ಭಾವಚಿತ್ರವನ್ನು ಬಿಳಿ ಹಿನ್ನೆಲೆಯಲ್ಲಿ ತೆಗೆಸಿ ನೀವೇ ಒಯ್ಯಬೇಕು. ಮಕ್ಕಳ ಪಾಸ್‌ಪೋರ್ಟಿನ ಅವಧಿ ಐದು ವರ್ಷ. ದೇಶದೊಳಗಿನ ಬಂದರುಗಳಿಗಷ್ಟೇ ಹೋಗುವ ಹಡಗಾದರೆ ಇದಾವುದರ ಅಗತ್ಯವಿಲ್ಲ.

ಪ್ರಶ್ನೆ: ಈಜುವ ಡೈಪರ್ ತೊಡಿಸಿದರೆ ಮಗುವನ್ನು ಹಡಗಿನ ಕೊಳಕ್ಕೆ ಇಳಿಸಲು ಬಿಡುತ್ತಾರೆಯೇ? ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ ಇರುತ್ತದೆಯೇ?
– ಓದುಗರು, ಉಡುಪಿ

ಉತ್ತರ: ಹೆಚ್ಚಿನ ಹಡಗುಗಳಲ್ಲಿ ಬಿಡುವುದಿಲ್ಲ. ಅಮೆರಿಕದ ಬಂದರುಗಳಿಗೆ ಹೋಗುವ ಹಡಗುಗಳಿಗೆ ಅಲ್ಲಿನ ಆರೋಗ್ಯ ಇಲಾಖೆಯ ನಿಯಮವೇ ಹಾಗಿದೆ: ಶೌಚದ ಅಭ್ಯಾಸವಾಗದ ಮಕ್ಕಳನ್ನು, ಈಜುವ ಡೈಪರ್ ಇದ್ದರೂ, ಸಾರ್ವಜನಿಕ ಕೊಳಕ್ಕೆ ಇಳಿಸುವಂತಿಲ್ಲ. ಕೆಲವು ದೊಡ್ಡ ಹಡಗುಗಳಲ್ಲಿ ಶಿಶುಗಳಿಗೆಂದೇ ಪ್ರತ್ಯೇಕವಾಗಿ ನೀರು ಚಿಮ್ಮುವ ಜಾಗ ಇರುತ್ತದೆ. ಮಕ್ಕಳ ಕ್ಲಬ್‌ಗಳು ಬಹುತೇಕ ಮೂರು ವರ್ಷ ತುಂಬಿದ, ಡೈಪರ್ ಬಿಟ್ಟ ಮಕ್ಕಳಿಗೆ ಮಾತ್ರ. ಅದಕ್ಕಿಂತ ಚಿಕ್ಕವರನ್ನು ನೋಡಿಕೊಳ್ಳುವ ಶಿಶುಪಾಲನಾ ಕೊಠಡಿ ಬೆರಳೆಣಿಕೆಯ ಹಡಗುಗಳಲ್ಲಿದ್ದು, ಗಂಟೆಯ ಲೆಕ್ಕದಲ್ಲಿ ಹಣ ಪಡೆಯುತ್ತಾರೆ. ಸ್ಥಳ ಬೇಗ ಭರ್ತಿಯಾಗುವುದರಿಂದ ಹತ್ತಿದ ದಿನವೇ ಹೆಸರು ಬರೆಸಬೇಕು.